ಕತ್ತಲಲ್ಲಿ ಕಾಣುವ ಚುಕ್ಕಿ

ವೆಂಡೆಲನ ಬಂದೂಕಿನ ಅಂಗಡಿಯಲ್ಲಿ ಅಪ್ಪ ಮೊದಲಿನಂತೆಯೇ ಇದ್ದ. ಡೆಲ್ಫಾಳಿಗೆ ಕಷ್ಟವಾಗಿದ್ದು ಅದೇ. ಮನೆಯಲ್ಲಿ ಅಂಗಿಯ ಗುಂಡಿ ಯಾವ ತೂತಿಗೆ ಹೋಗಬೇಕೆಂದು ತಡಕಾಡುವ ಮನುಷ್ಯ, ಇಲ್ಲಿ ಗಾಜಿನ ಕೌಂಟರಿಗೆ ಮೊಣಕೈ ಊರಿ, ನೈಟ್ ಸೈಟುಗಳ ಪುಟ್ಟ ಪೊಟ್ಟಣಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಯಾವುದು ಯಾಕೆ ಬೇಡ ಎಂದು ಬಿಡಿಸಿ ಹೇಳುತ್ತಿದ್ದ.

ಗುರಿ ಹಿಡಿಯಲೆಂದು ಪಿಸ್ತೂಲಿನ ಮೂತಿಯ ಮೇಲೊಂದು, ಹಿಂಬದಿಯಲ್ಲೊಂದು ಕೂರಿಸುವ ಉಕ್ಕಿನ ತುಣುಕುಗಳು ಅವು. ಒಳಗೆ ಅಕ್ಕಿಕಾಳಿಗಿಂತ ಸಣ್ಣ ಗಾಜಿನ ಕೊಳವೆ, ಅದರಲ್ಲಿ ಟ್ರಿಟಿಯಂ ಅನಿಲ. ಬ್ಯಾಟರಿ ಬೇಡ, ತಂತಿ ಬೇಡ; ಕತ್ತಲಾದರೆ ತಾನಾಗಿ ಹಸಿರು ಚುಕ್ಕಿಯಾಗಿ ಹೊಳೆಯುತ್ತದೆ. ಹಿಂದೆ ಎರಡು, ಮುಂದೆ ಒಂದು, ಮೂರೂ ಒಂದೇ ಹಸಿರು ಇರುವ ಜೊತೆಯನ್ನು ಅಪ್ಪ ಮೊದಲೇ ಪಕ್ಕಕ್ಕೆ ತಳ್ಳಿದ. ಗಾಬರಿಯಲ್ಲಿ ಕೈ ನಡುಗಿದರೆ ಯಾವುದು ಮುಂದಿನದು, ಯಾವುದು ಹಿಂದಿನದು ಎಂದು ಕಣ್ಣಿಗೆ ತಿಳಿಯುವುದಿಲ್ಲ ಎಂದ. ಹಗಲಲ್ಲಿ ಕೆಂಪಗೆ ಹೊಳೆಯುವ ಪ್ಲಾಸ್ಟಿಕ್ ಎಳೆಯ ಜೊತೆಯನ್ನೂ ತಳ್ಳಿದ. ಅದು ಬೆಳಕನ್ನು ಬೇರೆಡೆಯಿಂದ ಸಾಲ ತರಬೇಕು, ಕತ್ತಲಲ್ಲಿ ಸಾಲ ಕೊಡುವವರು ಯಾರು ಎಂದ. ಕೊನೆಗೆ ಉಳಿದದ್ದು ಮುಂದಿನ ಚುಕ್ಕಿಗೆ ದಪ್ಪ ಕಿತ್ತಳೆ ಉಂಗುರವಿದ್ದು, ಹಿಂದಿನದು ಬರೀ ಕಪ್ಪಾಗಿದ್ದ ಜೊತೆ. ವಯಸ್ಸಾದ ಕಣ್ಣಿಗೆ ಹಿಡಿಯಬೇಕಾದ್ದು ಒಂದೇ ಚುಕ್ಕಿ ಎಂಬುದು ಅವನ ವಾದ.

"ಗಿರಾಕಿ ನೀವು, ಪಾಠ ಮಾತ್ರ ನನಗೆ," ಎಂದ ವೆಂಡೆಲ್. ಪಿಸ್ತೂಲನ್ನು ಸೊಂಟದಲ್ಲಿ ಮರೆಯಾಗಿ ಇಟ್ಟುಕೊಳ್ಳುವ ಪರವಾನಗಿಗೆ ಬೇಕಾದ ತರಬೇತಿಯನ್ನು ಆ ಊರಿನ ಅರ್ಧದಷ್ಟು ಜನ ಅಪ್ಪನಿಂದಲೇ ಪಡೆದಿದ್ದರು. ವೆಂಡೆಲನೂ ಅವರಲ್ಲೊಬ್ಬ. ಇವತ್ತಿಗೂ ಅವನಿಗೆ ಓರಿನ್ ಹಾಲ್‌ಬ್ರೂಕ್ ಎಂದರೆ ಮೇಷ್ಟ್ರೇ.

ಚಳಿ ಕಾಯುವ ಒಲೆಯ ಪಕ್ಕ ಕೂತಿದ್ದ ಮುದುಕ ಗಾರ್ಲಂಡ್ ಬಾಯಿಯಲ್ಲಿದ್ದ ಹೊಗೆಸೊಪ್ಪನ್ನು ದವಡೆಗೆ ಸರಿಸಿ, "ಹೆಂಡ್ತಿ ಆರಿಸ್ಕೊಳ್ಳೋವಾಗ್ಲೂ ನೀನು ಇಷ್ಟು ಹೊತ್ತು ತಗೊಂಡಿರ್ಲಿಲ್ಲ, ಓರಿನ್," ಎಂದ.

"ಅವಳು ಕತ್ತಲಲ್ಲೂ ಕಾಣ್ತಿದ್ಲು ಕಣಯ್ಯ," ಎಂದ ಅಪ್ಪ, ತಲೆ ಎತ್ತದೆ.

ಎಲ್ಲರೂ ನಕ್ಕರು. ಡೆಲ್ಫಾಳೂ ನಕ್ಕಳು. ನಗುತ್ತಲೇ, ತಾನು ಮಾಡಲು ಬಂದ ಕೆಲಸ ತಪ್ಪೇನೋ ಎಂದು ಅವಳಿಗೆ ಅನ್ನಿಸಿತು.

ಈ ನೈಟ್ ಸೈಟಿನ ಹಂಬಲ ಅಪ್ಪನಿಗೆ ಹತ್ತಿದ್ದು ಹಿಂದಿನ ವಾರ ಹಿಮಗಾಳಿಗೆ ಮರ ಬಿದ್ದು ಕರೆಂಟು ಹೋದ ಸಂಜೆ. ಆಸ್ಪತ್ರೆಯ ಪ್ರಯೋಗಾಲಯದ ಪಾಳಿ ಮುಗಿಸಿ ಅವಳು ಹಿಂಬಾಗಿಲಿನಿಂದ ಒಳಗೆ ಬಂದಾಗ, ನಡುಮನೆಯ ಮಸುಕಿನಲ್ಲಿ ಅಪ್ಪ ಎರಡೂ ಕೈ ಚಾಚಿ ಪಿಸ್ತೂಲನ್ನು ಅವಳ ಎದೆಗೆ ಹಿಡಿದು ನಿಂತಿದ್ದ. ಯಾರು ನೀನು ಎಂದು ಕೇಳಿದ. ಅವಳು ತನ್ನ ಹೆಸರು ಹೇಳಿದಳು. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದ. ಅಷ್ಟರಲ್ಲಿ ದೀಪ ಬಂತು. ಅವಳ ಮುಖ ನೋಡಿ ಕೈ ಇಳಿಸಿ, ಊಟಕ್ಕೇನು ಎಂದು ವಿಚಾರಿಸಿದ. ಮರುದಿನ ಬೆಳಿಗ್ಗೆ ಅವನ ನೆನಪಿನಲ್ಲಿ ಉಳಿದದ್ದು ಒಂದೇ ಸಂಗತಿ: ಯಾರೋ ಒಳಗೆ ನುಗ್ಗಿದ್ದರು, ಕತ್ತಲಲ್ಲಿ ಗುರಿ ಕಾಣಲಿಲ್ಲ. ಮಗಳು ಒಬ್ಬಳೇ ಓಡಾಡುವ ಮನೆ, ಇನ್ನೊಮ್ಮೆ ಹಾಗಾಗಬಾರದು ಎಂದು ದಿನವೂ ಹೇಳತೊಡಗಿದ.

ಪಿಸ್ತೂಲು ಕಿತ್ತುಕೊಳ್ಳಲು ಅವಳಿಗೆ ಧೈರ್ಯ ಸಾಲಲಿಲ್ಲ. ಕಾರಿನ ಬೀಗದ ಕೈ ಕಿತ್ತುಕೊಂಡಾಗ ಅವನು ಊಟ ಬಿಟ್ಟು ವರಾಂಡದಲ್ಲಿ ಕೂತಿದ್ದನ್ನು ನೋಡಿದ್ದಳು.

ಗಾರ್ಲಂಡ್ ಕರೆದನೆಂದು ಅಪ್ಪ ಕಾಫಿ ಹಿಡಿದು ಒಲೆಯ ಕಡೆ ಹೋದಾಗ, ಅವಳು ವೆಂಡೆಲನ ಹಿಂದೆಯೇ ಒಳಗಿನ ಕೆಲಸದ ಕೋಣೆಗೆ ಹೋದಳು. ಅವನು ಪಿಸ್ತೂಲು ಬಿಚ್ಚಿ, ಮೇಲ್ಭಾಗವನ್ನು ಮೇಜಿನ ಇಕ್ಕಳಕ್ಕೆ ಬಿಗಿದು, ಹಳೆಯ ಸೈಟನ್ನು ಹಿತ್ತಾಳೆ ಕೋಲಿನಿಂದ ಮೆಲ್ಲಗೆ ಬಡಿದು ಬಿಡಿಸುತ್ತಿದ್ದ. ಅವಳು ಬಾಗಿಲು ಮುಂದೆ ಮಾಡಿ, ಕರೆಂಟು ಹೋದ ಸಂಜೆಯ ಕತೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಆಮೇಲೆ ಕೇಳಬೇಕಾದ್ದನ್ನು ಕೇಳಿದಳು. ಗುಂಡಿನ ತಳಕ್ಕೆ ಬಡಿಯುವ ಪಿನ್ ಇರುತ್ತದಲ್ಲ, ಅದರ ಮೊನೆ ಅರೆದುಬಿಡಲು ಆಗುತ್ತದೆಯೇ? ಅವನಿಗೆ ತಿಳಿಯದ ಹಾಗೆ?

ವೆಂಡೆಲ್ ಆಶ್ಚರ್ಯಪಡಲಿಲ್ಲ. ಇದನ್ನು ಕೇಳಿದವರಲ್ಲಿ ಅವಳು ಮೊದಲಿಗಳಲ್ಲ. ಆ ಗುಡ್ಡಗಳ ಎಷ್ಟೋ ಮುದುಕರ ಸೊಂಟದಲ್ಲಿ ಈಗ ಸಿಡಿಯದ ಪಿಸ್ತೂಲುಗಳಿವೆ. ಅರೆದ ಪಿನ್ ಹಾಕಿದರೆ ಟ್ರಿಗರ್ ಎಳೆಯುವಾಗ ಬೆರಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದ. ಆದರೆ ಕೋಲನ್ನು ಕೆಳಗಿಟ್ಟ.

"ಒಂದು ತೊಡಕಿದೆ, ಡೆಲ್ಫಾ. ಇದನ್ನ ಇವತ್ತೇ ಯಾಕೆ ತಗೊಂಡ್ಬಂದೆ ನೀನು? ಹೊಸ ಸೈಟ್ ಕೂರಿಸಿದ್ಮೇಲೆ ಮೇಷ್ಟ್ರು ಹಿಂದ್ಗಡೆ ಮಣ್ಣಿನ ದಿಣ್ಣೆಗೆ ಗುಂಡು ಹೊಡೆದು ನೋಡ್ದೆ ಮನೆಗೆ ಒಯ್ತಾರಾ? ಮೊದಲ ಗುಂಡಿಗೇ ಗೊತ್ತಾಗುತ್ತೆ."

ಹೊಡೆದು ನೋಡದ ಸೈಟನ್ನು ನಂಬಬಾರದೆಂದು ಅಪ್ಪ ಪ್ರತಿ ತರಗತಿಯಲ್ಲೂ ಹೇಳುತ್ತಿದ್ದ. ಒಮ್ಮೆ ವೆಂಡೆಲ್ ಮಳೆಯ ನೆಪ ಹೇಳಿ ಹೊರಟಾಗ ಅವನ ಕಾಲರ್ ಹಿಡಿದು ಕೆಸರಿನಲ್ಲಿ ನಿಲ್ಲಿಸಿದ್ದ. ಅವಳ ಕೆಲಸದಲ್ಲೂ ಅದೇ ಕ್ರಮ: ರೋಗಿಯ ರಕ್ತ ಇಡುವ ಮೊದಲು, ಉತ್ತರ ಗೊತ್ತಿರುವ ಮಾದರಿಯೊಂದನ್ನು ಯಂತ್ರಕ್ಕೆ ಕೊಟ್ಟು ನೋಡಬೇಕು. ಯಂತ್ರಗಳ ಪಾಠವನ್ನು ಕಾಲೇಜಿನಲ್ಲಿ ಕಲಿತಿದ್ದರೂ, ಅನುಮಾನಿಸುವುದನ್ನು ಅವಳು ಕಲಿತದ್ದು ಅಪ್ಪನಿಂದಲೇ. ಅದೇ ಅವಳಿಗೆ ಹೊಳೆಯದೆ ಹೋಗಿತ್ತು.

ಮನೆಗೆ ಹೋಗಿ ಇನ್ನೊಂದು ದಿನ ಬರಬಹುದಿತ್ತು. ಆದರೆ ಇವತ್ತಿನ ಸಂಜೆ ಕತ್ತಲಾಗುತ್ತದೆ, ನಾಳೆಯೂ ಆಗುತ್ತದೆ. ಅರೆದುಬಿಡು ಎಂದಳು. ಗೊತ್ತಾದರೆ ನಾನೇ ಅಪ್ಪನ ಎದುರಿಗೆ ನಿಂತು ಒಪ್ಪಿಕೊಳ್ಳುವೆ, ಬೈದರೆ ಬೈಯಲಿ, ಮನೆ ಬಿಟ್ಟು ಹೋಗೆಂದರೂ ಸರಿ ಎಂದಳು. ವೆಂಡೆಲ್ ಅವಳನ್ನೊಮ್ಮೆ ನೋಡಿ ಸಾಣೆಯಂತ್ರದ ಗುಂಡಿ ಒತ್ತಿದ. ಅವನು ಕೆಲಸ ಮುಗಿಸುವಷ್ಟು ಹೊತ್ತೂ ಅವಳು ಗೋಡೆಗೆ ಒರಗಿ, ಅಪ್ಪನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಿದ್ದಳು.

ವೆಂಡೆಲ್ ಪಿಸ್ತೂಲನ್ನು ಹೊರಗೆ ತಂದು ಕೌಂಟರಿನ ಮೇಲಿಟ್ಟ. ಪಕ್ಕದಲ್ಲಿ, ಬಹುಶಃ ಬರೀ ಅಭ್ಯಾಸಬಲದಿಂದ, ಗುಂಡಿನ ಪೆಟ್ಟಿಗೆಯನ್ನೂ ಕಿವಿಮುಚ್ಚುಗಳನ್ನೂ ಇಟ್ಟ. ಅಪ್ಪ ಎದ್ದು ಬಂದ. ಒಳಗೆ ಗುಂಡು ಇಲ್ಲವೆಂದು ಮೊದಲು ಕಣ್ಣಿನಿಂದ, ಆಮೇಲೆ ಕಿರುಬೆರಳಿನಿಂದ ಖಚಿತಪಡಿಸಿಕೊಂಡ. ಬಾಗಿಲ ಬದಿಯ ಬೀರುವಿನೊಳಗೆ ಪಿಸ್ತೂಲು ತೂರಿಸಿ, ಕೋಟನ್ನು ತಲೆಯ ಮೇಲೆ ಎಳೆದುಕೊಂಡು, ಕತ್ತಲು ಮಾಡಿಕೊಂಡು ನೋಡಿದ. ಕೋಟಿನ ಅಡಿಯಿಂದ ಅವನ ದನಿ ಬಂತು: ಅದ್ಭುತವಾಗಿ ಕಾಣುತ್ತದೆ, ಮಿಂಚುಹುಳದ ಹಾಗೆ.

ಹೊರಬಂದವನು ಗುಂಡು ತುಂಬಿದ್ದ ಮ್ಯಾಗಜಿನ್ ಏರಿಸಿದ. ಪಿಸ್ತೂಲನ್ನು ಸೊಂಟದ ಚೀಲಕ್ಕೆ ಇಳಿಸಿ ಅಂಗಿಯನ್ನು ಅದರ ಮೇಲೆ ಎಳೆದುಕೊಂಡ. ಡೆಲ್ಫಾ ಹಿಂಬಾಗಿಲ ಕಡೆ ನೋಡಿದಳು. ವೆಂಡೆಲನೂ ಅತ್ತಲೇ ನೋಡುತ್ತಿದ್ದ. ಒಲೆಯ ಬಳಿಯಿದ್ದ ಗಾರ್ಲಂಡ್ ಸಹ ಹಿಂದಿನ ದಿಣ್ಣೆಗೆ ಹೋಗುವವನಂತೆ ಟೋಪಿ ಹಾಕಿಕೊಂಡು ಎದ್ದು ನಿಂತಿದ್ದ.

ಅಪ್ಪ ವೆಂಡೆಲನ ಕೈ ಕುಲುಕಿದ. "ಒಳ್ಳೇ ಕೆಲಸ ಮಾಡಿದೀಯ," ಎಂದು, ಮುಂಬಾಗಿಲಿನತ್ತ ತಿರುಗಿದ. "ಹೊರಡೋಣ್ವಾ?"

ಅವಳು ಬಚಾವಾಗಿದ್ದಳು. ಸುಮ್ಮನೆ ಬಾಗಿಲು ತೆರೆದಿದ್ದರೆ ಸಾಕಿತ್ತು. ಆದರೆ ಅವಳ ಬಾಯಿ ಅವಳ ಮಾತು ಕೇಳಲಿಲ್ಲ.

"ಅಪ್ಪಾ, ಹೊಡೆದು ನೋಡಲ್ವಾ?"

ವೆಂಡೆಲ್ ಬೆಚ್ಚಿ ಅವಳತ್ತ ನೋಡಿದ. ಅಪ್ಪ ನಿಂತ. "ಏನನ್ನ?"

"ಸೈಟು. ಹೊಸದಲ್ವಾ."

ಅವನು ಅಂಗಿಯ ಮೇಲಿನಿಂದಲೇ ಸೊಂಟವನ್ನು ಮುಟ್ಟಿ ನೋಡಿಕೊಂಡ. ಅವಳು ಆ ಮುಖವನ್ನೇ ನೋಡುತ್ತಿದ್ದಳು. ಏನಾದರೂ ಬರಲಿ, ಸಿಟ್ಟಾದರೂ ಬರಲಿ, ಕಾಲರ್ ಹಿಡಿದು ದಿಣ್ಣೆಗೆ ಎಳೆದೊಯ್ದು ತನ್ನ ಮೋಸವನ್ನು ಬಯಲಿಗೆಳೆಯಲಿ ಎಂದು ಕಾದಳು.

"ಚೆನ್ನಾಗಿ ಕಾಣ್ತಿದೆಯಲ್ಲಮ್ಮ," ಎಂದ ಅಪ್ಪ, ಮೃದುವಾಗಿ. ಅವಳಿಗೆ ಬೇಸರವಾಗದಿರಲಿ ಎಂದು ಹೇಳಿದಂತಿತ್ತು. "ಹೊಡೆಯೋದು ಯಾಕೆ?"

ಗಾರ್ಲಂಡ್ ಟೋಪಿ ತೆಗೆದು ಮತ್ತೆ ಕೂತ. ವೆಂಡೆಲ್ ಗುಂಡಿನ ಪೆಟ್ಟಿಗೆಯನ್ನು ಹಿಂದಕ್ಕೆ ತೆಗೆದುಕೊಂಡ.

ಹೊರಗೆ ಗುಡ್ಡದ ನೆರಳು ಆಗಲೇ ರಸ್ತೆಗೆ ಇಳಿದಿತ್ತು. ಡೆಲ್ಫಾ ಅಪ್ಪನನ್ನು ಕಾರಿನಲ್ಲಿ ಕೂರಿಸಿ ಸ್ಟಿಯರಿಂಗ್ ಹಿಂದೆ ಕೂತಳು. ಅವಳು ಜೋಡಿಸಿಟ್ಟ ಮಾತುಗಳೆಲ್ಲ ಹಾಗೇ ಇದ್ದವು. ಅವನ್ನು ಕೇಳಿಸಿಕೊಳ್ಳಬೇಕಾಗಿದ್ದ ಮನುಷ್ಯ ಮಾತ್ರ ಇರಲಿಲ್ಲ. ಇನ್ನು ಮನೆಯಲ್ಲಿ ಹೆದರಬೇಕಾಗಿಲ್ಲ ಎಂಬುದು ಅವಳಿಗೆ ನೆನಪಾಯಿತು. ನೆನಪಾದರೂ ಒಳಗೆ ಏನೂ ಹಗುರವಾಗಲಿಲ್ಲ.

ವೆಂಡೆಲ್ ಓಡಿಬಂದು ಕಿಟಕಿ ತಟ್ಟಿದ. ಸಣ್ಣ ಕಾಗದದ ಲಕೋಟೆಯೊಂದನ್ನು ಅವಳ ಕೈಗೆ ತುರುಕಿ, ಅರೆದು ಹಾಕಿದ್ದು ಬೇರೊಂದು ಹಳೆಯ ಪಿನ್ನನ್ನು, ಮೇಷ್ಟ್ರದು ಇದರಲ್ಲಿ ಹಾಗೇ ಇದೆ ಎಂದು ಪಿಸುಗುಟ್ಟಿದ.

"ಅವರು ಸ್ವಲ್ಪ ಸರಿಹೋದ್ರೆ ತಗೊಂಡ್ಬಾ. ಹಾಕ್ಕೊಡ್ತೀನಿ."

ಪಕ್ಕದಲ್ಲಿ ಅಪ್ಪ ಸೀಟಿನ ಪಟ್ಟಿಯನ್ನು ಎಳೆದುಕೊಂಡು, ಅದರ ನಾಲಿಗೆಯನ್ನು ಯಾವುದಕ್ಕೆ ಸಿಕ್ಕಿಸಬೇಕೆಂದು ತಿಳಿಯದೆ ತೊಡೆಯ ಮೇಲೆ ಹಿಡಿದುಕೊಂಡು ಕೂತಿದ್ದ.

"ನೀನೇ ಇಟ್ಕೋ, ವೆಂಡೆಲ್," ಎಂದು ಲಕೋಟೆಯನ್ನು ಹಿಂದಿರುಗಿಸಿ, ಅವಳು ಅಪ್ಪನ ಪಟ್ಟಿಯನ್ನು ಸಿಕ್ಕಿಸಿ ಗಾಡಿ ಚಾಲೂ ಮಾಡಿದಳು.