ರುಚಿಯಕ್ಕನ ನಾಲಿಗೆ

ಊರು ಅವಳನ್ನು ರುಚಿಯಕ್ಕ ಎಂದು ಕರೆಯುತ್ತಿದ್ದುದು ಅಡುಗೆ ಚೆನ್ನಾಗಿ ಮಾಡುತ್ತಾಳೆಂದಲ್ಲ. ಅವಳ ಅಡುಗೆಯ ಸುದ್ದಿ ಎತ್ತದಿರುವುದೇ ಲೇಸು. ಅವಳ ನಾಲಿಗೆ ಪಳಗಿದ್ದು ನೀರಿನಲ್ಲಿ. ಬೇಸಿಗೆ ಬಂತೆಂದರೆ ಸಮುದ್ರ ನದಿಯೊಳಕ್ಕೆ ನುಗ್ಗಿ ಊರಿನ ನಲ್ಲಿಗಳೆಲ್ಲ ಉಪ್ಪಾಗುತ್ತಿದ್ದವು. ಆಗ ರುಚಿಯಕ್ಕ ತಮ್ಮನ ದೋಣಿಯಲ್ಲಿ ನದಿಯ ಮೇಲಕ್ಕೆ ಹೋಗಿ, ಅಲ್ಲಲ್ಲಿ ಬೊಗಸೆ ನೀರು ಬಾಯಿಗೆ ಹಾಕಿಕೊಂಡು, "ಇಲ್ಲಿ ತುಂಬು" ಎಂದರೆ ಮುಗಿಯಿತು, ಅದು ಸಿಹಿನೀರು. ತುಂಬಿದ ಡ್ರಮ್ಮುಗಳು ನೇರ ಹೆರಿಗೆ ಆಸ್ಪತ್ರೆಗೆ. ಅವಳು ಹೇಳಿದ ಮೇಲೆ ಇನ್ನೊಬ್ಬರು ಕುಡಿದು ನೋಡಿ ಪರೀಕ್ಷಿಸಿದ್ದಿಲ್ಲ.

ಆ ನಾಲಿಗೆ ಈಗ ಸತ್ತಿತ್ತು. ಹೋದ ವಾರ ಬಂದ ಜ್ವರ ಹೋಗುವಾಗ ರುಚಿಯನ್ನೂ ಗಂಟು ಕಟ್ಟಿಕೊಂಡು ಹೋಗಿತ್ತು. ಸಕ್ಕರೆಯೂ ಮರಳು, ಉಪ್ಪೂ ಮರಳು. ಇಂದು ಸರಿಹೋದೀತು, ನಾಳೆ ಸರಿಹೋದೀತು ಎಂದು ಯಾರಿಗೂ ಹೇಳದೆ, ಸೇತುವೆಯ ಕೆಳಗಿನ ಹಳೆಯ ಜಾಗವನ್ನೇ ತೋರಿಸಿ "ತುಂಬು" ಎನ್ನುತ್ತಿದ್ದಳು. ಹೇಳಿಬಿಟ್ಟರೆ ತಾನು ಯಾರು? ತಮ್ಮನ ಮನೆಯಲ್ಲಿ ಉಣ್ಣುವ ಒಂದು ಹೆಚ್ಚಿನ ಬಾಯಿ, ಅಷ್ಟೆ. ಆ ಭಯವೇ ಅವಳ ಬಾಯಿಗೆ ಬೀಗ ಹಾಕಿತ್ತು.

ಅಂದೂ ಅಲ್ಲೇ ತುಂಬಿಸಿಕೊಂಡು ಹಿಂದಿರುಗುತ್ತಿದ್ದರು. ಸಮುದ್ರದ ಇಳಿತ ಶುರುವಾಗಿತ್ತು. ನೀರು ಇನ್ನಷ್ಟು ಇಳಿದರೆ ಆಸ್ಪತ್ರೆಯ ಮೆಟ್ಟಿಲ ಮುಂದಿನ ಮರಳದಿಬ್ಬಕ್ಕೆ ದೋಣಿ ಕಚ್ಚಿಕೊಳ್ಳುವುದು ಖಂಡಿತ. ತಮ್ಮ ಇಂಜಿನ್ ಬಿರುಸು ಮಾಡಿದ. ಅದರ ಕರಿ ಮುಚ್ಚಳದ ಮೇಲೆ ಡ್ರಮ್ಮಿನಿಂದ ತುಳುಕಿದ್ದ ನೀರು ಬಿಸಿಗೆ ಆರಿ, ತೆಳ್ಳಗೆ ಬಿಳಿ ಕಲೆ ಉಳಿದಿತ್ತು.

ಅದು ಉಪ್ಪಿನ ಕಲೆಯೆಂದು ರುಚಿಯಕ್ಕನಿಗೆ ಕಂಡೊಡನೆ ತಿಳಿಯಿತು. ತಮ್ಮ ನೋಡುವ ಮೊದಲೇ ಅಂಗೈಯಿಂದ ಕಲೆ ಒರೆಸಿಬಿಟ್ಟಳು.

"ಯಾಕಕ್ಕ, ಏನಾಯ್ತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವಳು ಕೈಯನ್ನು ಬೆನ್ನ ಹಿಂದಕ್ಕೆ ಬಚ್ಚಿಟ್ಟಳು. ಆದರೆ ಕಣ್ಣ ಮುಂದೆ ಬಂದದ್ದು ಬಾಟಲಿ ಹಾಲು ಕುಡಿಯುವ ಹಸುಗೂಸುಗಳು. ಆ ಹಾಲಿನ ಪುಡಿ ಕಲಸುವುದು ಈ ನೀರಿನಲ್ಲೇ.

"ದೋಣಿ ನಿಲ್ಸೋ. ನೀನೇ ಒಂದು ಗುಟುಕು ಕುಡಿದು ನೋಡು. ನನ್ನ ನಾಲಿಗೆ ಸತ್ತುಹೋಗಿದೆ. ಜ್ವರ ಬಂದಾಗಿಂದ ಏನೂ ಗೊತ್ತಾಗ್ತಿಲ್ಲ."

ಅವನು ಕುಡಿದ, ಮುಖ ಸಿಂಡರಿಸಿ ಉಗಿದ. "ಅಕ್ಕ! ನಿನ್ನೆ, ಮೊನ್ನೆ ಕೊಟ್ಟಿದ್ದು?"

"ಗೊತ್ತಿಲ್ಲ."

"ಗೊತ್ತಿಲ್ವಾ? ಪುಟ್ಟ ಮಕ್ಕಳು ಕುಡಿಯೋ ನೀರು ಅದು! ನಂಗೊಂದು ಮಾತು ಹೇಳೋಕೆ ನಿಂಗೇನಾಗಿತ್ತು ಧಾಡಿ?"

ಅವಳು ಡ್ರಮ್ಮಿನತ್ತ ಕೈ ಚಾಚಿದಳು. ಡ್ರಮ್ಮುಗಳನ್ನು ಬಗ್ಗಿಸಿ ನೀರೆಲ್ಲ ನದಿಗೆ ಸುರಿದರು. ದೋಣಿ ಮತ್ತೆ ಮೇಲಕ್ಕೆ, ಹರಿವಿಗೆ ಎದುರಾಗಿ ಹೊರಟಿತು. ಸೇತುವೆ ಹಿಂದಾಯಿತು. ಅದರಾಚೆಗೆ ಇಬ್ಬರೂ ಎಂದೂ ಹೋಗಿರಲಿಲ್ಲ. ನದಿ ಕಿರಿದಾಗಿ, ಮುಳುಗಿದ ಬಂಡೆಗಳು ದೋಣಿಯ ತಳವನ್ನು ಕೆರೆಯತೊಡಗಿದವು. ಅವಳು ಬಗ್ಗಿ ಕೋಲಿನಿಂದ ಆಳ ನೋಡುತ್ತ ದಾರಿ ಹೇಳಿದಳು. ಅವನು ಬೊಗಸೆ ಬೊಗಸೆ ಕುಡಿದ.

"ಒಂಥರಾ ಇದೆ."

"ಒಂಥರಾ ಇದ್ರೆ ಉಪ್ಪಿದೆ ಅಂತ. ನಡಿ ಮುಂದೆ."

ಮರಗಳು ಎರಡೂ ದಡದಿಂದ ಬಾಗಿದ್ದ ಕಡೆ ಅವನು ಕುಡಿದು ಗಾಬರಿಯಾದ. "ಏನೂ ಅನ್ನಿಸ್ತಿಲ್ವಲ್ಲ ಅಕ್ಕ. ನಂಗೂ ನಿನ್ನ ರೋಗ ಅಂಟ್ತಾ?"

"ಲೋ ಪೆದ್ದೇ, ಏನೂ ಅನ್ನಿಸದೇ ಇರೋದೇ ಸಿಹಿನೀರು! ಮೇಲಿನ ನೀರನ್ನಷ್ಟೇ ಬಾಚು, ಬಕೆಟ್ ಆಳಕ್ಕೆ ಇಳಿಸ್ಬೇಡ. ಉಪ್ಪು ಇದ್ರೆ ಅಡಿಯಲ್ಲಿರುತ್ತೆ."

ಅವನು ಇನ್ನೊಂದು ಬೊಗಸೆ ಕುಡಿದ, ಈ ಸಲ ಪರೀಕ್ಷೆಗಲ್ಲ, ಬಾಯಾರಿಕೆಗೆ. "ಹುಟ್ಟಿದಾಗಿಂದ ಇದೇ ನದಿ ನೋಡ್ತಿದೀವಿ. ಇಂಥ ನೀರು ಇಷ್ಟು ಹತ್ರ ಇತ್ತಲ್ಲ," ಎಂದ. ಸಿಟ್ಟು ಮಾತ್ರ ಇಳಿದಿರಲಿಲ್ಲ.

ಹೆದರಿದಂತೆಯೇ ಆಯಿತು. ಆಸ್ಪತ್ರೆಯ ಮೆಟ್ಟಿಲು ಕಣ್ಣೆದುರಿಗೇ ಇರುವಾಗ ದೋಣಿ ದಿಬ್ಬಕ್ಕೆ ಕಚ್ಚಿಕೊಂಡಿತು. ಕೆಳಗಿನ ಮೆಟ್ಟಿಲಲ್ಲಿ ನರ್ಸಮ್ಮ ಆಗಲೇ ನಿಂತಿದ್ದಳು.

"ಎಲ್ಲಿ ಹೋಗಿದ್ರಿ ರುಚಿಯಕ್ಕ? ಇಲ್ಲಿ ಬಾಟಲಿ ಮಕ್ಕಳು ಬೆಳಿಗ್ಗೆಯಿಂದ ಒಂದೇ ಸಮ ಅಳ್ತಿವೆ. ಎಷ್ಟು ಕುಡಿಸಿದ್ರೂ ಬಾಯಿ ಬಿಡ್ತಾವೆ, ಕಕ್ತಾವೆ. ಯಾಕಂತ ಡಾಕ್ಟರಿಗೂ ಗೊತ್ತಾಗ್ತಿಲ್ಲ."

ತಮ್ಮ ಅಕ್ಕನ ಮುಖ ನೋಡಿದ. ಹೇಳಬೇಕಾದವಳು ಅವಳೇ.

"ಉಪ್ಪು!" ರುಚಿಯಕ್ಕ ದೋಣಿಯಲ್ಲಿ ಎದ್ದು ನಿಂತು ಕೂಗಿದಳು. "ನಿನ್ನೆ ಕೊಟ್ಟಿದ್ದು ಉಪ್ಪುನೀರು ಇರಬೇಕು ನರ್ಸಮ್ಮ! ನಂಗೆ ನಾಲಿಗೆ ಇಲ್ಲ, ಸುಳ್ಳು ಹೇಳಿದೆ. ಉಳಿದಿದ್ದೆಲ್ಲ ಚೆಲ್ಲಿ. ಡಾಕ್ಟರಿಗೆ ಹೇಳಿ, ಓಡಿ!"

ಮೆಟ್ಟಿಲ ಮೇಲಿದ್ದ ಬಾಣಂತಿಯರ ಮನೆಯವರೆಲ್ಲ ತಿರುಗಿ ನೋಡಿದರು. ನರ್ಸಮ್ಮ ಮೇಲಕ್ಕೆ ಓಡಿದಳು. ಒಳಗಿನಿಂದ ಡಾಕ್ಟರರ ದನಿ, ಬಾಗಿಲು ಬಡಿದ ಸದ್ದು. ಆಮೇಲೆ ಕಿಟಕಿಯಲ್ಲಿ ಮತ್ತೆ ನರ್ಸಮ್ಮನ ತಲೆ.

"ಈಗ ತಂದಿರೋ ನೀರಾದ್ರೂ ಸರಿ ಇದೆಯಾ? ತನ್ನಿ! ಕುದಿಸಬೇಕು, ಬೇಗ!"

"ಕುಡಿದು ನೋಡಿದವನು ನಾನು," ತಮ್ಮ ಕೂಗಿ ಹೇಳಿದ. "ಸಿಹಿ ಇದೆ!" ಹೇಳುತ್ತಲೇ ಡ್ರಮ್ಮಿನಿಂದ ಬಕೆಟ್ ತುಂಬಿ ಅಕ್ಕನ ಕೈಗಿತ್ತ.

ಅವಳು ದೋಣಿಯಿಂದ ಇಳಿದಳು. ದಿಬ್ಬ ದಾಟುತ್ತಲೇ ನದಿ ಎದೆಮಟ್ಟ ಬಂತು. ಬೈಯುವವರು ಮೆಟ್ಟಿಲ ಮೇಲೆ ಕಾದೇ ಇದ್ದರು. ಆದರೆ ಅವಳು ಅವರತ್ತ ನೋಡಲಿಲ್ಲ. ಬಕೆಟ್ಟನ್ನು ತಲೆಯ ಮೇಲೆ ಎತ್ತಿ ಹಿಡಿದು, ಸುತ್ತಲಿನ ಉಪ್ಪುನೀರು ಒಂದು ಹನಿಯೂ ಸಿಡಿಯದಂತೆ, ಮರಳಿನಲ್ಲಿ ಕಾಲು ಊರಿ ಊರಿ ನಡೆದಳು.