ಪಾಲಿಗೆ ಬಂದ ಸ್ವಿಚ್ಚು

ರೋಣದ ಆ ಓಣಿಯಲ್ಲಿ ಅಣ್ಣತಮ್ಮಂದಿರು ಬೇರೆಯಾಗುವುದು ಹೊಸದೇನಲ್ಲ. ಆದರೆ ಇಂಟರ್‌ನೆಟ್ಟನ್ನೂ ಪಾಲು ಮಾಡಿಕೊಂಡವರು ಅರ್ಜುನಪ್ಪ, ಕಲ್ಲೇಶ ಇಬ್ಬರೇ. ನಡುಮನೆಯಲ್ಲಿ ಗೋಡೆ ಎದ್ದ ದಿನ ಪಂಚರು ಕೂತು, ತಲೆ ಕೆರೆದುಕೊಂಡು ತೀರ್ಮಾನ ಕೊಟ್ಟರು: ವೈಫೈ ಡಬ್ಬಿ ಅಣ್ಣನ ಗೋಡೆಗೆ, ಅದರ ಕರೆಂಟು ತಮ್ಮನ ಬೋರ್ಡಿನಿಂದ, ನೆಟ್ ಎರಡೂ ಮನೆಗೆ. ಗೋಡೆಗೊಂದು ತೂತು ಕೊರೆದು ವೈರು ಹಾಯಿಸಿದರು. ಇಂಥ ಪಂಚರು ಸಿಗಲಿಕ್ಕೂ ಪುಣ್ಯ ಬೇಕು.

ಹೀಗೆ ಕಲ್ಲೇಶನ ಹೆಂಡತಿ ಸಕ್ಕೂಬಾಯಿಯ ಪಾಲಿಗೆ ಒಂದು ಕರಿ ಸ್ವಿಚ್ಚು ಬಂತು. ಅದು ಒಲೆಯ ಪಕ್ಕದ ಗೋಡೆಯಲ್ಲಿತ್ತು.

ಸಕ್ಕೂಬಾಯಿಗೆ ಒಬ್ಬಳೇ ಮಗಳು, ಭಾಗ್ಯಾ. ಡಿಗ್ರಿ ಮುಗಿಸಿದ್ದಳು, ಆದರೆ ನಾಲ್ಕು ಜನರೆದುರು ಬಾಯಿ ಬಿಡಲು ನಾಚುವ ಹುಡುಗಿ. ಆಚೆಮನೆಯ ಅರ್ಜುನಪ್ಪನ ಮಗಳು ರೂಪಾ ಮಾತಾಡಿದರೆ ಅರಳು ಹುರಿದಂತೆ. ಓಣಿಯವರೆಲ್ಲ ರೂಪಾಳನ್ನು ಹೊಗಳುವಾಗ ಸಕ್ಕೂಬಾಯಿಯ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಭಾಗ್ಯಾಳಿಗೆ ನೌಕರಿ ಸಿಗಬೇಕು, ರೂಪಾಳಿಗಿಂತ ಮೊದಲು ಸಿಗಬೇಕು. ಸಕ್ಕೂಬಾಯಿಗೆ ಬೇರೆ ಆಸೆಯೇ ಇರಲಿಲ್ಲ.

ರೂಪಾಳ ಮೊದಲ ಆನ್‌ಲೈನ್ ಇಂಟರ್‌ವ್ಯೂ ದಿನ ಸಕ್ಕೂಬಾಯಿ ರೊಟ್ಟಿ ಬಡಿಯುತ್ತ ಗೋಡೆಗೆ ಕಿವಿ ಕೊಟ್ಟಿದ್ದಳು. ಆಚೆ ಹುಡುಗಿ ಪಟಪಟನೆ ಉತ್ತರ ಕೊಡುತ್ತಿದ್ದಳು. ಸಕ್ಕೂಬಾಯಿ ಬಡಿಯುವುದನ್ನು ನಿಲ್ಲಿಸಿ ಎದ್ದಳು, ಸ್ವಿಚ್ ಆರಿಸಿದಳು, ಮತ್ತೆ ಕೂತು ಬಡಿಯತೊಡಗಿದಳು. ಆ ದಿನದ ರೊಟ್ಟಿಗಳು ಬಲು ಚೆನ್ನಾಗಿ ಉಬ್ಬಿದವು. ಎರಡನೆಯ ಇಂಟರ್‌ವ್ಯೂನಲ್ಲೂ ಅದೇ ಆಯಿತು; ಕರೆ ಕೆಟ್ಟಮೇಲೆ ಸ್ವಿಚ್ ಮತ್ತೆ ಹಾಕಿಡುತ್ತಿದ್ದಳು. ಆ ದಪ್ಪ ಮಣ್ಣಿನ ಹೊರಗೋಡೆಗಳ ಒಳಗೆ ಮೊಬೈಲ್ ಸಿಗ್ನಲ್ ನುಸುಳುತ್ತಿರಲಿಲ್ಲ, ಡಬ್ಬಿ ಸತ್ತರೆ ಎಲ್ಲವೂ ಸತ್ತಂತೆ.

ಆಮೇಲೆ ಡಬ್ಬಿಯ ಉಪಚಾರ ಶುರುವಾಯಿತು. ನೆಟ್ ರಿಪೇರಿಯ ಅಮೋಘಸಿದ್ದ ಬಂದು ವೈರು ಬದಲಿಸಿದ, ಅಡಾಪ್ಟರ್ ಬದಲಿಸಿದ, ಇಲಿಗಳನ್ನು ಬೈದ, ಕಡೆಗೆ ಡಬ್ಬಿಯನ್ನೇ ಬದಲಿಸಿದ.

"ಕಾಕಾ, ಕರೆಂಟಿಂದ ತ್ರಾಸ ಇರಬೇಕ್ರಿ. ಪ್ಲಗ್ ನಿಮ್ಮ ಬೋರ್ಡಿಗೆ ಹಾಕ್ರಿ" ಎಂದ.

ಅರ್ಜುನಪ್ಪ ಸಿಡಿದ. "ಕರೆಂಟ್ ಅವರ ಪಾಲು! ಪಂಚರ ಮಾತ ಮುರದು ಅವರ ಬಿಲ್ ನಾ ಯಾಕ ಉಳಸಲಿ?"

ಸಕ್ಕೂಬಾಯಿಯೂ ಹೋಗಿ ಕನಿಕರಪಟ್ಟು ಬಂದಳು. "ಡಬ್ಬಿಗಿ ಯಾರದೋ ದೃಷ್ಟಿ ಆಗೇತಿ" ಎಂದು ತಾನೇ ಒಂದು ನಿಂಬೆಹಣ್ಣು ಕಟ್ಟಿದಳು. ನಾಚಿಕೆ ಅನ್ನುವುದು ಇದ್ದರೆ ತಾನೇ! ರೂಪಾ ಅವಳ ಕೈಯನ್ನೇ ನೋಡುತ್ತ ನಿಂತಿದ್ದಳು.

ಬುಧವಾರ ಸಂಜೆ ರೂಪಾ ಬಾಗಿಲಿಗೆ ಬಂದಳು. "ಚಿಗವ್ವ, ನಾಳೆ ಹನ್ನೊಂದಕ್ಕ ನನ್ನ ಇಂಟರ್‌ವ್ಯೂ ಐತಿ, ಹುಬ್ಬಳ್ಳಿ ಕಂಪನೀದು. ನಡುವ ನೆಟ್ ಹೋದ್ರ ಮತ್ತ ಕರಿಯಂಗಿಲ್ಲ ಅಂದಾರ."

"ಏನೂ ಆಗಂಗಿಲ್ಲ ಬಿಡವ್ವ. ದೇವರದಾನ."

ಮರುದಿನ ಭಾಗ್ಯಾ ಹೊಲಿಗೆ ಕ್ಲಾಸಿಗೆಂದು ಹೊರಟುಹೋದಳು. ಸಕ್ಕೂಬಾಯಿ ಹಿಟ್ಟು ಕಲಸಿ ಕೂತಳು. ಹನ್ನೊಂದಾಯಿತು. ಗೋಡೆಯಾಚೆ ಗಂಡಸಿನ ದನಿ ಏನೋ ಕೇಳಿತು. ಉತ್ತರ ಮಾತ್ರ ಕೇಳಿಸದಷ್ಟು ಮೆಲ್ಲಗಿತ್ತು. ಹೆದರಿದ್ದಾಳೆ, ಅಂದುಕೊಂಡು ಸಕ್ಕೂಬಾಯಿ ಒಳಗೊಳಗೇ ನಕ್ಕಳು. ಎದ್ದು ಸ್ವಿಚ್ ಆರಿಸಿದಳು.

"ಹಲೋ? ಸರ್? ಕೇಳಸ್ತದೇನ್ರಿ ಸರ್?" ಆಚೆಯ ದನಿ ಗಾಬರಿಯಲ್ಲಿ ಏರಿತು. "ಅಕ್ಕಾ, ನೆಟ್ ಹೋತು! ಈಗರ ನಾ ಚಲೋ ಹೇಳಾಕತ್ತಿದ್ದೆ ಅಕ್ಕಾ!"

ಅದು ಭಾಗ್ಯಾಳ ದನಿ.

ಸಕ್ಕೂಬಾಯಿ ಸ್ವಿಚ್ ಹಾಕಿ, ಹಿಟ್ಟಿನ ಕೈಯಲ್ಲೇ ಆಚೆಮನೆಗೆ ಓಡಿದಳು. ಡಬ್ಬಿ ಅಷ್ಟು ಸುಲಭಕ್ಕೆ ಏಳುತ್ತದೆಯೇ? ನಿಂಬೆಹಣ್ಣಿನ ಮೇಲೆ ಕೆಂಪು ದೀಪ ಮಿಣುಕುತ್ತಲೇ ಇತ್ತು. ಹಸಿರಾಗುವಷ್ಟರಲ್ಲಿ ಹುಬ್ಬಳ್ಳಿಯವರು ಮುಗಿಸಿ ಎದ್ದುಹೋಗಿದ್ದರು. ಭಾಗ್ಯಾ ಫೋನು ಹಿಡಿದುಕೊಂಡು ಬಿಕ್ಕುತ್ತಿದ್ದಳು.

"ಇಂಟರ್‌ವ್ಯೂ ನಿಂದ ಅಂದಿದ್ದೆಲ್ಲೇ!" ಸಕ್ಕೂಬಾಯಿ ರೂಪಾಳ ಮೇಲೆ ಹರಿಹಾಯ್ದಳು.

"ನಂದು ನಿನ್ನೆ ಮುಂಜಾನೆನ ಆತು ಚಿಗವ್ವ, ಗೆಳತಿ ನಿಲೋಫರಳ ಮನ್ಯಾಗ. ನೌಕರಿ ಕೊಟ್ಟಾರ." ರೂಪಾಳ ದನಿ ತಣ್ಣಗಿತ್ತು. "ಇವತ್ತಿಂದು ಭಾಗ್ಯಾಂದು. ನಿನಗ ಹೇಳೂದ ಬ್ಯಾಡ, ಸಿಕ್ಕಮ್ಯಾಲೆ ಖುಷಿ ಪಡ್ತಿ ಅಂತ ಅಕಿಗೆ ನಾನ ಹೇಳಿದ್ದೆ. ಸಲಾ ಸಲಾ ರೊಟ್ಟಿ ಸಪ್ಪಳ ನಿಂತಕೂಡ್ಲೆ ನೆಟ್ ಹೋಗ್ತಿತ್ತು. ನನಗೇನ ಕಿವಿ ಇಲ್ಲೇನ?"

ಭಾಗ್ಯಾ ತಲೆಯೆತ್ತಿದಳು. "ಅಕ್ಕಾ, ಗೊತ್ತಿದ್ದೂ ನನ್ನ ಇಲ್ಲಿ ಕುಂದ್ರಿಸಿದ್ಯಾ?"

ರೂಪಾ ಮುಖ ತಿರುಗಿಸಿದಳು. ಭಾಗ್ಯಾ ತಾಯಿಯ ಹಿಟ್ಟಿನ ಕೈ ನೋಡಿದಳು. ಫೋನನ್ನು ಕುರ್ಚಿಯ ಮೇಲಿಟ್ಟು, ಇಬ್ಬರ ನಡುವೆ ಹಾದು ತನ್ನ ಮನೆಗೆ ನಡೆದಳು.

"ಭಾಗ್ಯವ್ವಾ" ಎಂದು ಸಕ್ಕೂಬಾಯಿ ಕೂಗಿದಳು. ಹಿಂದೆಯೇ ಹೊರಟವಳು ಹೊಸ್ತಿಲಲ್ಲೇ ನಿಂತಳು. ಆ ಕರಿ ಸ್ವಿಚ್ಚಿನ ಮೇಲೆ ತನ್ನ ಬೆರಳಿನ ಹಸಿ ಹಿಟ್ಟು ಮೆತ್ತಿಕೊಂಡಿದೆ, ಮಗಳು ಅದನ್ನು ನೋಡುತ್ತಾಳೆ ಎನ್ನುವುದು ಆಗ ಅವಳಿಗೆ ಹೊಳೆಯಿತು.

ಅಷ್ಟರಲ್ಲಿ ಡಬ್ಬಿಯ ಹಸಿರು ದೀಪ ಆರಿತು. ಭಾಗ್ಯಾ ಸ್ವಿಚ್ ಆರಿಸಿದ್ದಳು. ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು.