ಮುಚ್ಚಿದ ಟ್ರೇಲರು, ಒಳಗೊಂದು ಶೇಗಡಿ

ಭತ್ತದ ಕೊಯ್ಲಿಗೆಂದು ಯಲಬುರ್ಗಾ ಕಡೆಯಿಂದ ಬಂದ ಮುದಕಮ್ಮನಿಗೆ ಕೂಲಿಯ ಭತ್ತ ಕೈಗೆ ಬಂದಿತ್ತು. ಮಗ ಹೇಮಪ್ಪ, ಬಸುರಿ ಸೊಸೆ ಯಮನೂರಮ್ಮನ ಜೊತೆ ಕಾರಟಗಿಯ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ ಅಕ್ಕಿ ಮಾಡಿಸುವ ಪಾಳಿಗೆ ಕಾಯುತ್ತಿದ್ದಳು. ಹೊಲದ ಧಣಿ ಬಿಟ್ಟುಹೋದ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಭತ್ತದ ಚೀಲ, ಚೀಲದ ಮೇಲೆ ಅತ್ತೆ ಸೊಸೆಯ ಹಾಸಿಗೆ. ಹೇಮಪ್ಪ ಕೆಳಗೆ ಬಯಲಲ್ಲೇ ಮಲಗುತ್ತಿದ್ದ.

ಮುದಕಮ್ಮನಿಗೆ ತನ್ನ ನೆರಳಿನ ಮೇಲೂ ಅನುಮಾನ. ಕಳ್ಳರು ಕೈ ಹಾಕಬಾರದೆಂದು ತಾಡಪತ್ರಿಯನ್ನು ಸುತ್ತಲೂ ಬಿಗಿದು ಕಟ್ಟಿಸಿ, ಚಳಿಗೆಂದು ಒಳಗೆ ಇದ್ದಿಲಿನ ಒಲೆ, ಶೇಗಡಿ, ಹೊತ್ತಿಸಿ ಇಟ್ಟುಕೊಂಡಳು.

ಬೆಳಗಾದರೆ ಇಬ್ಬರಿಗೂ ತಲೆಸಿಡಿತ. ಯಮನೂರಮ್ಮ ವಾಂತಿ ಮಾಡಿ ಕುಸಿದಳು. ಹೇಮಪ್ಪ ಅವಳನ್ನು ಎತ್ತಿ ಹೊರಗೆ ಗಾಳಿಗೆ ತಂದ. ಮುದಕಮ್ಮ ಮಾತ್ರ ಸೀದಾ ಗಿರಣಿ ಬಾಗಿಲಲ್ಲಿ ಚಹಾ ಮಾರುವ ನಸೀಮಾಬಿಯ ಮೇಲೆ ಏರಿಹೋದಳು.

“ನಿನ್ನಿ ಸಂಜಿಕ ನಿನ್ನ ಛಾ ಕುಡದ್ವಿ. ಅದರಾಗ ಏನ ಹಾಕಿದ್ದಿ, ಖರೇ ಹೇಳು.”

“ನಿನ್ನ ಮಗಾನೂ ಅದ ಛಾ ಕುಡದಾನ, ಯವ್ವಾ. ಅವಗ್ಯಾಕ ಏನೂ ಆಗಿಲ್ಲ?”

ನಸೀಮಾಬಿ ಟ್ರೇಲರಿನೊಳಗೆ ಇಣುಕಿ ಶೇಗಡಿ ತೋರಿಸಿದಳು. ಹೋದ ಚಳಿಗಾಲ ಅವಳೂ ಕೋಳಿ ಕೂಡಿಹಾಕಿದ ಕೋಣೆಯ ಬಾಗಿಲು ಮುಚ್ಚಿ ಕೆಂಡ ಇಟ್ಟಿದ್ದಳಂತೆ. ಬೆಳಿಗ್ಗೆ ಒಂದು ಕೋಳಿಯೂ ಏಳಲಿಲ್ಲ. ಮುಚ್ಚಿದ ಜಾಗದಲ್ಲಿ ಕೆಂಡದಿಂದ ವಿಷಗಾಳಿ ಹುಟ್ಟುತ್ತದೆ, ಅದು ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು ಎಂದು ದವಾಖಾನೆಯ ನರ್ಸಬಾಯಿ ಆಗ ಹೇಳಿದ್ದರಂತೆ.

ಮುದಕಮ್ಮನಿಗೆ ಇನ್ನೂ ಗುಮಾನಿ. ತಾಡಪತ್ರಿ ಬಿಚ್ಚಿಸಿ ಚೀಲ ಹೊಡೆಯುವ ಸಂಚಿರಬಹುದೆಂದು ಗೊಣಗಿದಳು.

“ಭತ್ತ ಹೋದ್ರ ಮುಂದಿನ ಸುಗ್ಗಿಗೆ ಬರ್ತೈತಿ. ಸೊಸಿ ಹೋದ್ರ ಬರ್ತಾಳೇನು?” ಎಂದ ನಸೀಮಾಬಿ ತಾನೇ ಟಾಂಗಾ ಕರೆದಳು.

ದವಾಖಾನೆಯಲ್ಲಿ ಡಾಕ್ಟರೂ ಅದನ್ನೇ ಹೇಳಿದರು. ಇನ್ನಷ್ಟು ಹೊತ್ತು ಒಳಗಿದ್ದರೆ ತಾಯಿ ಮಗು ಇಬ್ಬರೂ ಉಳಿಯುತ್ತಿರಲಿಲ್ಲ ಎಂದಾಗ ಮುದಕಮ್ಮ ಸೊಸೆಯ ಕೈ ಹಿಡಿದು ಅತ್ತುಬಿಟ್ಟಳು.

ದವಾಖಾನೆಯಿಂದ ಮರಳಿದ ಸಂಜೆ ಶೇಗಡಿ ಹೊರಗೇ ಉಳಿಯಿತು. ಚೀಲದ ಮೇಲೆ ಒಣ ಭತ್ತದ ಹುಲ್ಲು ದಪ್ಪಗೆ ಹಾಸಿದರು, ಅದರ ಮೇಲೆ ಕೌದಿ, ಹೊದೆಯಲು ಕಂಬಳಿ, ಕಿವಿಗೆ ಬಟ್ಟೆ. ಬಿಸಿ ಉಂಡು ಮಲಗಿದರು. ತಾಡಪತ್ರಿಯ ಎರಡು ಮಗ್ಗುಲು ಗಾಳಿಗೆ ತೆರೆದಿದ್ದವು. ಮುದಕಮ್ಮ ಮಾತ್ರ ಚೀಲದ ಬಾಯಿಗೆ ತನ್ನ ಸೆರಗು ಗಂಟು ಹಾಕಿಕೊಂಡೇ ಮಲಗಿದಳು. ಹುಟ್ಟುಗುಣ ಸುಟ್ಟರೂ ಹೋಗದು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಟ್ರೇಲರಿರಲಿ, ಗುಡಿಸಲಿರಲಿ, ಮುಚ್ಚಿದ ಜಾಗದಲ್ಲಿ ಕೆಂಡ ಇಟ್ಟು ಮಲಗಬೇಡಿ. ತಲೆ ಸಿಡಿದರೆ, ವಾಂತಿ ಬಂದರೆ ತಕ್ಷಣ ಹೊರಗೆ ಬನ್ನಿ, ದವಾಖಾನೆಗೆ ಹೋಗಿ. ಚಹಾದವಳ ಮೇಲೆ ಅನುಮಾನ ಆಮೇಲೆ ಪಡಿ, ಮೊದಲು ಶೇಗಡಿಯ ಮೇಲೆ ಪಡಿ.